ಲಾಗಿನ್ ನೋಡ್ ತನಕ ಹೋಗುತ್ತೇನೆ, ಕಂಪ್ಯೂಟ್ ನೋಡ್ ಒಳಗೆ ಬಿಡುವುದಿಲ್ಲ. ಎಂತ ಮಾಡುವುದು?

ಪೆರ್ಲದ ಪೋರ
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮಾಡುತ್ತಿದ್ದೇನೆ. ಅಡಿಕೆಗೆ ಕೊಳೆರೋಗ ತರುವ ಫೈಟೋಫ್ತೊರಾದ ಜೀನೋಮ್ ಡೇಟಾ ನನ್ನ ಕೆಲಸ. ಈಗ ರಜೆಗೆ ಊರಿಗೆ ಬಂದಿದ್ದೇನೆ, ಕೆಲಸ ಮಾತ್ರ ಬಿಡುವ ಹಾಗಿಲ್ಲ. ನಮ್ಮ ಸಂಸ್ಥೆಯ ಕ್ಲಸ್ಟರ್‌ಗೆ (ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್, ಒಂದೊಂದೂ ಒಂದು ನೋಡ್) ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಿದರೆ, ಅಂದರೆ ದೂರದಿಂದ ಲಾಗಿನ್ ಆದರೆ, ಲಾಗಿನ್ ನೋಡ್ ಸಲೀಸಾಗಿ ಸಿಗುತ್ತದೆ. ಅಲ್ಲಿಂದ ಕಂಪ್ಯೂಟ್ ನೋಡ್‌ಗೆ ಹೊರಟರೆ ಬಾಗಿಲಲ್ಲೇ ತಡೆ. ಈ ನೋಡ್‌ನಲ್ಲಿ ನಿಮ್ಮ ಜಾಬ್ ಯಾವುದೂ ಇಲ್ಲ ಅಂತ ಒಂದು ಸಾಲು ಬರುತ್ತದೆ. ಪಕ್ಕದಲ್ಲಿ ಪ್ಯಾಮ್ ಸ್ಲರ್ಮ್ ಅಡಾಪ್ಟ್ ಅಂತ ಹೆಸರು. ಪಾಸ್‌ವರ್ಡ್ ಸರಿ ಇದೆ, ನೋಡ್‌ನ ಹೆಸರೂ ಸರಿ ಇದೆ.

ಇನ್ನೊಂದು ತಾಪತ್ರಯ ಮಳೆಯದ್ದು. ಸಂಜೆ ಗುಡುಗು ಶುರುವಾದರೆ ಕರೆಂಟ್ ಹೋಗುತ್ತದೆ. ಕರೆಂಟ್ ಹೋಗದಿದ್ದರೆ ಅಮ್ಮ ಸಿಡಿಲಿಗೆ ಹೆದರಿ ಮೋಡೆಮ್‌ನ ಪ್ಲಗ್ ಕಿತ್ತಿಡುತ್ತಾರೆ. ಕನೆಕ್ಷನ್ ಹೋದರೆ ಓಡುತ್ತಿದ್ದ ಕೆಲಸವೂ ಹೋಗುತ್ತದಲ್ವಾ? ಜುಪಿಟರ್ ನೋಟ್‌ಬುಕ್ (ಕೋಡ್ ಬರೆದು ಅಲ್ಲೇ ಓಡಿಸುವ ಪುಟ) ಇಲ್ಲಿನ ಬ್ರೌಸರ್‌ನಲ್ಲಿ ತೆರೆಯಬೇಕು ಅಂತಲೂ ಆಸೆ ಉಂಟು.

ಫೋನಲ್ಲಿ ಕನ್ನಡ ಕೀಬೋರ್ಡ್ ಇದೆ, ಕಮಾಂಡ್‌ಗಳನ್ನೂ ಕನ್ನಡದಲ್ಲೇ ಹೊಡೆಯಿರಿ. ಅರ್ಥ ಮಾಡಿಕೊಳ್ಳುತ್ತೇನೆ.

ಕುಂಬಳೆ ಶೆಲ್
ಮೊದಲು ಜಾಬ್ ತಗೊಳ್ಳಿ ಮಾರಾಯ್ರೆ. ಅದು ಹೇಳುತ್ತಿರುವುದೂ ಅದನ್ನೇ.

ಮಂಜೇಶ್ವರದ ಅಡ್ಮಿನ್
ಕುಂಬಳೆಯವರು ಹೇಳಿದ್ದು ಸರಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಹೊಟ್ಟೆಪಾಡೇ ಇದು.

ಲಾಗಿನ್ ನೋಡ್ ಎಂದರೆ ಮನೆಯ ಜಗಲಿ. ಬಂದವರೆಲ್ಲ ಕೂರಬಹುದು, ಅಡಿಗೆ ಮಾತ್ರ ಅಲ್ಲಿ ಮಾಡುವುದಲ್ಲ. ಫೈಲ್ ತಿದ್ದುವುದು, ಸ್ಕ್ರಿಪ್ಟ್ ಬರೆಯುವುದು, ಜಾಬ್ ಹಾಕುವುದು, ಇಷ್ಟಕ್ಕೇ ಅದು. ಲೆಕ್ಕ ನಡೆಯುವುದು ಕಂಪ್ಯೂಟ್ ನೋಡ್‌ಗಳಲ್ಲಿ. ಯಾವ ನೋಡ್ ಯಾರಿಗೆ, ಎಷ್ಟು ಹೊತ್ತಿಗೆ ಅಂತ ಹಂಚುವುದು ಸ್ಲರ್ಮ್. ನಿಮ್ಮ ಹೆಸರಿಗೆ ಒಂದು ನೋಡ್ ಹಂಚಿಕೆ ಆದರೆ, ಅದು ಮುಗಿಯುವ ತನಕ ಆ ನೋಡ್‌ಗೆ ಎಸ್‌ಎಸ್‌ಎಚ್ ಬಿಡುತ್ತದೆ. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಆ ಅಡಾಪ್ಟ್ ಬರೇ ಕಾವಲುಗಾರನಲ್ಲ. ನೀವು ಒಳಗೆ ಹೋದ ಕೂಡಲೇ ನಿಮ್ಮ ಶೆಲ್ಲನ್ನು (ಕಮಾಂಡ್ ಹೊಡೆಯುವ ಕಿಟಕಿಯನ್ನು) ನಿಮ್ಮ ಜಾಬ್‌ನ ಲೆಕ್ಕಕ್ಕೆ ಸೇರಿಸುತ್ತದೆ. ಜಾಬ್‌ಗೆ 16 ಜಿಬಿ ಮೆಮೊರಿ ಕೇಳಿದ್ದರೆ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಓಡಿಸಿದ್ದೂ ಆ 16ರ ಒಳಗೇ. ಜಾಬ್ ಮುಗಿದರೆ ನಿಮ್ಮ ಶೆಲ್ಲೂ ಮುಗಿಯಿತು.

ದಾರಿ ಹೀಗೆ. ಲಾಗಿನ್ ನೋಡ್‌ನಲ್ಲಿ ಎಸ್‌ಅಲಾಕ್ ಹೊಡೆದು ಸಮಯ, ಕೋರ್, ಮೆಮೊರಿ ಕೇಳಿ. ಸಿಕ್ಕಿದ ಮೇಲೆ ಎಸ್‌ಕ್ಯೂ ಹೊಡೆದರೆ ನೋಡ್‌ನ ಹೆಸರು ಕಾಣುತ್ತದೆ. ಈಗ ಅದೇ ನೋಡ್‌ಗೆ ಎಸ್‌ಎಸ್‌ಎಚ್ ಮಾಡಿ ನೋಡಿ.

ಉಪ್ಪಳ ಎಕ್ಸ್‌ಪ್ರೆಸ್
ಇದೆಲ್ಲ ಸುಮ್ನೆ ಕಿರಿಕಿರಿ. ನಾನು ಓದುವಾಗ ಯಾವ ನೋಡ್ ಖಾಲಿ ಇದೆಯೋ ಅದಕ್ಕೆ ನೇರ ಹೋಗಿ ಓಡಿಸುತ್ತಿದ್ದೆವು. ಯಾರಿಗೂ ಎಂತದೂ ಆಗಲಿಲ್ಲ.

ಮಂಜೇಶ್ವರದ ಅಡ್ಮಿನ್
ನಿಮಗೆ ಆಗಲಿಲ್ಲ. ಆ ನೋಡ್ ಕ್ಯೂನಲ್ಲಿ ಯಾರಿಗೆ ಸಿಕ್ಕಿತ್ತೋ ಅವರಿಗೆ ಆಯ್ತು. ಅವರ ಜಾಬ್ ಅರ್ಧ ವೇಗದಲ್ಲಿ ಓಡಿ, ಸಮಯ ಮುಗಿದು ಸತ್ತಿರುತ್ತದೆ. ಅವರು ಬೈದದ್ದು ನಿಮ್ಮನ್ನಲ್ಲ, ಅಡ್ಮಿನ್‌ನನ್ನು.

ನೀರ್ಚಾಲು ಅಕ್ಕ
ಅಡ್ಮಿನ್ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಎಸ್‌ಅಲಾಕ್ ಕೊಟ್ಟ ಮೇಲೆ ನಿಮ್ಮ ಶೆಲ್ ಎಲ್ಲಿದೆ ಅನ್ನುವುದು ಕ್ಲಸ್ಟರ್‌ನ ಸೆಟ್ಟಿಂಗ್ ಮೇಲೆ ಹೋಗುತ್ತದೆ. ಕೆಲವು ಕಡೆ ಸೀದಾ ಕಂಪ್ಯೂಟ್ ನೋಡ್‌ಗೆ ಕರೆದೊಯ್ಯುತ್ತದೆ. ಕೆಲವು ಕಡೆ ನೋಡ್ ನಿಮ್ಮ ಹೆಸರಿಗೆ ಬರುತ್ತದೆ, ಶೆಲ್ ಮಾತ್ರ ಲಾಗಿನ್ ನೋಡ್‌ನಲ್ಲೇ ಇರುತ್ತದೆ. ನಮ್ಮ ಲ್ಯಾಬ್‌ಗೆ ಬರುವ ಹೊಸಬರಲ್ಲಿ ಅರ್ಧ ಜನ ಇಲ್ಲಿ ಬೀಳುತ್ತಾರೆ. ಜಾಬ್ ಸಿಕ್ಕಿತು ಅಂತ ಖುಷಿಯಲ್ಲಿ ಅಸೆಂಬ್ಲರ್ (ಜೀನೋಮ್‌ನ ತುಂಡು ಜೋಡಿಸುವ ಪ್ರೋಗ್ರಾಂ) ಶುರು ಮಾಡುತ್ತಾರೆ, ಅದು ಲಾಗಿನ್ ನೋಡ್‌ನಲ್ಲಿ ಮೆಮೊರಿ ನುಂಗುತ್ತಾ ಕೂರುತ್ತದೆ. ನಮ್ಮ ಹೆಸರಿಗೆ ಸಿಕ್ಕಿದ ನೋಡ್ ಆಚೆ ಖಾಲಿ ಬಿದ್ದಿರುತ್ತದೆ. ಸ್ವಲ್ಪ ಹೊತ್ತಿಗೆ ಅಡ್ಮಿನ್ ಮೇಲ್ ಬರುತ್ತದೆ.

ಅದಕ್ಕೆ, ಎಂತ ಓಡಿಸುವ ಮೊದಲೂ ಹೋಸ್ಟ್‌ನೇಮ್ ಅಂತ ಹೊಡೆದು ನೋಡಿ. ಲಾಗಿನ್ ಅಂತ ಬಂದರೆ ಕೈ ತೆಗೆಯಿರಿ. ಶೆಲ್ ಬೇಕು ಅಂತಷ್ಟೇ ಇದ್ದರೆ ಎಸ್‌ರನ್‌ಗೆ ಪಿಟಿವೈ ಆಯ್ಕೆ ಕೊಟ್ಟು ಬ್ಯಾಶ್ ಅಂತ ಬರೆದರೆ ಸೀದಾ ಒಳಗೇ ಇಳಿಸುತ್ತದೆ.

ಪೆರ್ಲದ ಪೋರ
ಅಕ್ಕಾ, ನಮ್ಮದು ಎರಡನೇ ನಮೂನೆಯದ್ದು. ಹೋಸ್ಟ್‌ನೇಮ್ ಹೊಡೆದರೆ ಲಾಗಿನ್02 ಅಂತ ಬಂತು. ಅಲ್ಲಿಂದ ಎಸ್‌ಎಸ್‌ಎಚ್ ಮಾಡಿದೆ, ಈ ಸಲ ಬಿಟ್ಟಿತು. ಲ್ಯಾಪ್‌ಟಾಪ್‌ನಿಂದ ಒಂದೇ ಏಟಿಗೆ ಹೋಗಲು ಬರುವುದಿಲ್ವಾ?

ಮುಳ್ಳೇರಿಯ ಲೋಕಲ್
ಬರುತ್ತದೆ. ಎಸ್‌ಎಸ್‌ಎಚ್‌ಗೆ ಹೈಫನ್ ಕ್ಯಾಪಿಟಲ್ ಎ ಕೊಡಿ. ನಿಮ್ಮ ಲ್ಯಾಪ್‌ಟಾಪ್‌ನ ಕೀ (ಪಾಸ್‌ವರ್ಡ್ ಬದಲಿಗೆ ಗುರುತು ತೋರಿಸುವ ಫೈಲ್) ಲಾಗಿನ್ ನೋಡ್ ತನಕ ಬರುತ್ತದೆ, ಅಲ್ಲಿಂದ ಮುಂದೆ ಹಾರಿ.

ನೀರ್ಚಾಲು ಅಕ್ಕ
ಹೈಫನ್ ಎ ಬೇಡ ದಯವಿಟ್ಟು. ಕೀ ಅಲ್ಲಿಗೆ ಬರುವುದಿಲ್ಲ, ಕೀ ಬಳಸುವ ಅಧಿಕಾರ ಬರುತ್ತದೆ. ನೀವು ಕನೆಕ್ಟ್ ಆಗಿರುವಷ್ಟು ಹೊತ್ತು ಆ ಮೆಷಿನ್‌ನಲ್ಲಿ ರೂಟ್ ಅಧಿಕಾರ ಇದ್ದವರು ಯಾರೇ ಆದರೂ ನಿಮ್ಮ ಹೆಸರಿನಲ್ಲಿ ಬೇರೆ ಕಡೆ ಲಾಗಿನ್ ಆಗಬಹುದು.

ಹೈಫನ್ ಕ್ಯಾಪಿಟಲ್ ಜೆ ಕೊಡಿ, ಪ್ರಾಕ್ಸಿಜಂಪ್ ಅಂತ ಅದರ ಹೆಸರು. 2016ರ ಓಪನ್‌ಎಸ್‌ಎಸ್‌ಎಚ್ 7.3ರಿಂದ ಇದೆ. ಲಾಗಿನ್ ನೋಡ್ ಬರೇ ದಾಟಿಸುತ್ತದೆ, ಒಳಗೆ ಹೋಗುವ ಮಾತು ಅದಕ್ಕೆ ಓದಲು ಬರುವುದಿಲ್ಲ. ಎರಡು ಬಾಗಿಲಿಗೂ ಸಹಿ ಹಾಕುವುದು ನಿಮ್ಮ ಲ್ಯಾಪ್‌ಟಾಪ್ ಮಾತ್ರ.

ಪ್ರತಿ ಸಲ ಹೊಡೆಯುವುದು ಬೇಜಾರು. ಲ್ಯಾಪ್‌ಟಾಪ್‌ನ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ನ ಕಾನ್ಫಿಗ್ ಫೈಲ್‌ನಲ್ಲಿ ಎರಡು ತುಂಡು ಬರೆದಿಡಿ. ಒಂದು ಲಾಗಿನ್ ನೋಡ್‌ಗೆ, ವಿಳಾಸ ಮತ್ತು ಯೂಸರ್ ಹೆಸರು ಹಾಕಿ. ಇನ್ನೊಂದು ಕಂಪ್ಯೂಟ್ ನೋಡ್‌ಗಳಿಗೆ. ಅದರ ಹೋಸ್ಟ್ ಸಾಲಿನಲ್ಲಿ ಸಿಎನ್ (ನೋಡ್‌ಗಳ ಹೆಸರು ಶುರುವಾಗುವ ಅಕ್ಷರ) ಮತ್ತು ನಕ್ಷತ್ರದ ಗುರುತು, ಕೆಳಗೆ ಪ್ರಾಕ್ಸಿಜಂಪ್ ಅಂತ ಬರೆದು ಲಾಗಿನ್ ನೋಡ್‌ನ ಹೆಸರು, ಯೂಸರ್ ಹೆಸರು ಇಲ್ಲೂ ಬೇಕು. ಆಮೇಲೆ ಎಸ್‌ಎಸ್‌ಎಚ್ ಸಿಎನ್012 ಅಂದರೆ ಸಾಕು. ಇವತ್ತು 012, ನಾಳೆ 047 ಸಿಕ್ಕಿದರೂ ಅದೇ ಸಾಲು ನಡೆಯುತ್ತದೆ.

ಕ್ಲಸ್ಟರ್‌ನಲ್ಲಿ ಹೋಮ್ ಫೋಲ್ಡರ್ ಎಲ್ಲ ನೋಡ್‌ಗಳಿಗೂ ಒಂದೇ ಆಗಿರುವುದರಿಂದ, ಆಥರೈಸ್ಡ್ ಕೀಸ್ ಫೈಲ್‌ಗೆ ಒಂದು ಸಲ ಪಬ್ಲಿಕ್ ಕೀ (ಹೊರಗೆ ಕೊಡಬಹುದಾದ ಅರ್ಧ) ಹಾಕಿದರೆ ಎರಡು ಕಡೆಗೂ ಆಯ್ತು.

ಮುಳ್ಳೇರಿಯ ಲೋಕಲ್
ಅಡ್ಮಿನ್‌ನನ್ನೇ ನಂಬದಿದ್ದರೆ ಕ್ಲಸ್ಟರ್ ಬಳಸುವುದು ಯಾಕೆ? ನಾವು ಎಲ್ಲರೂ ಹೈಫನ್ ಎ ಬಳಸುತ್ತೇವೆ.

ಮಂಜೇಶ್ವರದ ಅಡ್ಮಿನ್
ನಮ್ಮನ್ನು ನಂಬಿ. ನಮ್ಮ ಮೆಷಿನ್ ಒಳಗೆ ನುಗ್ಗಿದವನನ್ನು ನಂಬಬೇಡಿ. 2020ರ ಮೇ ತಿಂಗಳಲ್ಲಿ ಯುರೋಪಿನಲ್ಲಿ ಒಂದರ ಹಿಂದೆ ಒಂದು ಸೂಪರ್ ಕಂಪ್ಯೂಟರ್ ಮುಚ್ಚಬೇಕಾಯಿತು. ಎಡಿನ್‌ಬರೋದ ಆರ್ಚರ್, ಜರ್ಮನಿಯ ಹಲವು ಕೇಂದ್ರಗಳು. ಕದ್ದ ಎಸ್‌ಎಸ್‌ಎಚ್ ಲಾಗಿನ್‌ಗಳಿಂದ ಒಳಗೆ ಹೋಗಿದ್ದರು. ಸಂಶೋಧಕರಿಗೆ ಎರಡು ಮೂರು ಕೇಂದ್ರಗಳಲ್ಲಿ ಖಾತೆ ಇರುತ್ತದೆ, ಒಂದು ಕಡೆಯ ಕಳ್ಳ ಇನ್ನೊಂದು ಕಡೆ ಹೋಗುವುದು ಸುಲಭ. ಆಮೇಲೆ ಎಲ್ಲರೂ ಹೊಸ ಕೀ, ಹೊಸ ಪಾಸ್‌ವರ್ಡ್ ಮಾಡಬೇಕಾಯಿತು.

ಎಸ್‌ಎಸ್‌ಎಚ್ ಹುಟ್ಟಿದ್ದೂ ಇಂಥದ್ದೇ ಕಾರಣಕ್ಕೆ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳಿಸಿಕೊಳ್ಳುತ್ತಿದ್ದರು. ಆಗ ದೂರದ ಲಾಗಿನ್‌ಗೆ ಬಳಸುತ್ತಿದ್ದ ಟೆಲ್‌ನೆಟ್, ಆರ್‌ಲಾಗಿನ್ ಎಲ್ಲ ಪಾಸ್‌ವರ್ಡನ್ನು ಬಿಚ್ಚಿಟ್ಟೇ ಕಳಿಸುತ್ತಿದ್ದವು. ಅದನ್ನು ನೋಡಿ ತಾತು ಇಲೋನೆನ್ ಬರೆದದ್ದು ಇದು. ಕೀಗೆ ಪಾಸ್‌ಫ್ರೇಸ್ ಹಾಕದವರು ಇವತ್ತೇ ಹಾಕಿ.

ಬದಿಯಡ್ಕ ಬಸ್
ಪೋರ ಅವರೇ, ಕೊಳೆರೋಗ ಅಂದಿರಲ್ಲ. ನಮ್ಮ ತೋಟದಲ್ಲಿ ಮಳೆಗೆ ಮೊದಲೇ ಮದ್ದು ಬಿಟ್ಟರೂ ಕಾಯಿ ಉದುರುತ್ತಿದೆ. ಜೀನೋಮ್ ನೋಡಿ ಹೇಳಿ ಮಾರಾಯ್ರೆ.

ಪೆರ್ಲದ ಪೋರ
ಜೀನೋಮ್ ನೋಡಿದರೆ ನಿಮ್ಮ ಕಾಯಿ ನಿಲ್ಲುವುದಿಲ್ಲ ಅಣ್ಣ. ಬೋರ್ಡೋ ದ್ರಾವಣ ಸರಿ ಮಾಡಿದ್ದಾರಾ ನೋಡಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯುವುದು. ಚೂರಿ ಅದ್ದಿ ನೋಡಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಕಡಿಮೆ. ಮತ್ತೆ ಒಂದು ಸಲ ಬಿಟ್ಟರೆ ಸಾಲದು, 40-45 ದಿನಕ್ಕೆ ಇನ್ನೊಂದು ಸಲ ಬೇಕು.

ಬದಿಯಡ್ಕ ಬಸ್
ಎರಡನೇ ಸಲಕ್ಕೆ ಮರ ಹತ್ತುವವರು ಯಾರು? ಕೊಕ್ಕೆ ದೋಟಿಗೆ ಪೈಪು ಕಟ್ಟಿ ನಾನೇ ಬಿಡಬೇಕು.

ಕುಂಬಳೆ ಶೆಲ್
ವಿಷಯಕ್ಕೆ ಬನ್ನಿ. ಕರೆಂಟ್ ಹೋಗುವ ಸಮಸ್ಯೆಗೆ ಯಾರೂ ಉತ್ತರ ಹೇಳಲಿಲ್ಲ. ಕಾನ್ಫಿಗ್‌ನಲ್ಲಿ ಸರ್ವರ್ ಅಲೈವ್ ಇಂಟರ್ವಲ್ 60 ಅಂತ ಹಾಕಿ. ಕನೆಕ್ಷನ್ ಬೀಳುವುದಿಲ್ಲ.

ನೀರ್ಚಾಲು ಅಕ್ಕ
ಅದು ಸುಮ್ಮನೆ ಕೂತ ಕನೆಕ್ಷನ್ನನ್ನು ನಡುವಿನ ರೂಟರ್ ಕಡಿಯದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ. ಅಮ್ಮ ಪ್ಲಗ್ ಕಿತ್ತರೆ ಅದೂ ಇಲ್ಲ, ಇದೂ ಇಲ್ಲ.

ಉಪ್ಪಳ ಎಕ್ಸ್‌ಪ್ರೆಸ್
ಎಸ್‌ಎಸ್‌ಎಚ್ ಬದಲಿಗೆ ಮೋಶ್ ಹಾಕಿ. ನೆಟ್ ಹೋಗಿ ಬಂದರೂ ಅದೇ ಶೆಲ್ ಇರುತ್ತದೆ.

ಮಂಜೇಶ್ವರದ ಅಡ್ಮಿನ್
ಮೋಶ್‌ಗೆ ಯುಡಿಪಿ 60000ದಿಂದ 61000ದ ಪೋರ್ಟ್‌ಗಳು ತೆರೆದಿರಬೇಕು, ಆ ಕಡೆ ಮೋಶ್ ಸರ್ವರ್ ಇರಬೇಕು. ಕ್ಲಸ್ಟರ್‌ನ ಫೈರ್‌ವಾಲ್‌ನಲ್ಲಿ ಇದನ್ನು ಬಿಡುವವರು ಕಡಿಮೆ. ಮೇಲಾಗಿ ಮೋಶ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಆ ಕಡೆ ಓಡುವುದನ್ನು ಈ ಕಡೆ ತೆರೆಯುವ ಸುರಂಗ) ಇಲ್ಲ, ಜುಪಿಟರ್‌ಗೆ ಪ್ರಯೋಜನ ಇಲ್ಲ.

ಕುಂಬಳೆ ಶೆಲ್
ಹಾಗಾದರೆ ಟೀಮಕ್ಸ್. ಲಾಗಿನ್ ನೋಡ್‌ನಲ್ಲಿ ಟೀಮಕ್ಸ್ ತೆರೆದು ಅದರೊಳಗೆ ಎಸ್‌ಅಲಾಕ್. ನೆಟ್ ಹೋದರೆ ಟೀಮಕ್ಸ್ ಅಲ್ಲೇ ಇರುತ್ತದೆ, ಜಾಬೂ ಉಳಿಯುತ್ತದೆ. ಟೀಮಕ್ಸ್ ಇಲ್ಲದೆ ಎಸ್‌ಅಲಾಕ್ ಮಾಡಿ ಟರ್ಮಿನಲ್ ಹೋದರೆ, ಅದು ಹಂಚಿಕೆಯನ್ನೇ ವಾಪಸ್ ಕೊಟ್ಟುಬಿಡುತ್ತದೆ. ಪೋರ ಅವರ ಕೆಲಸ ಸಾಯುವುದು ಇದಕ್ಕೇ.

ಚಂದ್ರಗಿರಿ ದಡ
ಟೀಮಕ್ಸ್‌ಗೂ ಒಂದು ಗುಟ್ಟು ಇದೆ. ಪೋರ ಅವರಿಗೆ ಲಾಗಿನ್02 ಅಂತ ಬಂದಿದೆ, ಅಂದರೆ 01 ಕೂಡ ಇದೆ. ಹೊರಗಿನ ಹೆಸರು ಒಂದೇ, ಹಿಂದೆ ಮೆಷಿನ್ ಎರಡು ಮೂರು. ಇವತ್ತು 02ಕ್ಕೆ ಕಳಿಸಿದರೆ ನಾಳೆ 01ಕ್ಕೆ ಕಳಿಸಬಹುದು. 01ರಲ್ಲಿ ಟೀಮಕ್ಸ್ ಅಟ್ಯಾಚ್ ಹೊಡೆದರೆ ಸೆಷನ್ ಯಾವುದೂ ಇಲ್ಲ ಅನ್ನುತ್ತದೆ. ಎಲ್ಲ ಹೋಯ್ತು ಅಂತ ಜನ ತಲೆ ಮೇಲೆ ಕೈ ಇಟ್ಟು ಕೂರುತ್ತಾರೆ. ಹೋಗಿರುವುದಿಲ್ಲ, 02ರಲ್ಲಿ ಆರಾಮ ಇರುತ್ತದೆ. 01ರಿಂದ 02ಕ್ಕೆ ಎಸ್‌ಎಸ್‌ಎಚ್ ಮಾಡಿ ಹಿಡಿದುಕೊಳ್ಳಿ. ಎಲ್ಲಿ ತೆರೆದದ್ದು ಅಂತ ನೆನಪಿರಬೇಕು ಅಷ್ಟೇ.

ನೀರ್ಚಾಲು ಅಕ್ಕ
ನೀವೆಲ್ಲ ಕನೆಕ್ಷನ್ ಉಳಿಸುವುದು ಹೇಗೆ ಅಂತ ಮಾತಾಡುತ್ತಿದ್ದೀರಿ. ಕನೆಕ್ಷನ್ ಯಾಕೆ ಬೇಕು ಅಂತ ಕೇಳುವುದಿಲ್ಲ. ಜೀನೋಮ್ ಅಸೆಂಬ್ಲಿ ಗಂಟೆಗಟ್ಟಲೆ ಓಡುವ ಕೆಲಸ. ಅದರ ಎದುರು ಕೂತು ನೋಡಿದರೆ ಬೇಗ ಮುಗಿಯುತ್ತದಾ? ಸ್ಕ್ರಿಪ್ಟ್ ಬರೆಯಿರಿ, ಎಸ್‌ಬ್ಯಾಚ್ ಮಾಡಿ (ಸ್ಕ್ರಿಪ್ಟನ್ನು ಕ್ಯೂಗೆ ಹಾಕುವ ಕಮಾಂಡ್), ಲ್ಯಾಪ್‌ಟಾಪ್ ಮುಚ್ಚಿ ಊಟ ಮಾಡಿ. ಊರಿಡೀ ಕತ್ತಲಾದರೂ ಜಾಬ್‌ಗೆ ಗೊತ್ತೇ ಆಗುವುದಿಲ್ಲ. ಸ್ಪೇಡ್ಸ್‌ನಂಥ ಅಸೆಂಬ್ಲರ್‌ನಲ್ಲಿ ಕಂಟಿನ್ಯೂ ಅಂತ ಆಯ್ಕೆಯೇ ಇದೆ. ಸಮಯ ಮುಗಿದು ಜಾಬ್ ನಿಂತರೂ ಕೊನೆಗೆ ಉಳಿಸಿಟ್ಟ ಹಂತದಿಂದ ಎತ್ತಿಕೊಳ್ಳುತ್ತದೆ.

ಕಂಪ್ಯೂಟ್ ನೋಡ್‌ಗೆ ಹೋಗುವುದು ಎರಡು ಕಾರಣಕ್ಕೆ ಸಾಕು. ಒಂದು, ಸ್ಕ್ರಿಪ್ಟ್ ಹಾಕುವ ಮೊದಲು ಸಣ್ಣ ಡೇಟಾ ಇಟ್ಟು ಪರೀಕ್ಷೆ. ಎರಡು, ಓಡುತ್ತಿರುವ ಜಾಬ್‌ನ ನಾಡಿ ಹಿಡಿಯುವುದು. ಟಾಪ್ ಹೊಡೆದು ಮೆಮೊರಿ ಎಷ್ಟು ತಿನ್ನುತ್ತಿದೆ, ಕೇಳಿದ ಕೋರ್ ಎಲ್ಲ ದುಡಿಯುತ್ತಿದೆಯಾ ಅಂತ ನೋಡಿ ಹೊರಗೆ ಬನ್ನಿ.

ಕುಂಬಳೆ ಶೆಲ್
ಎಲ್ಲ ಕೆಲಸವೂ ಅಸೆಂಬ್ಲಿ ಅಲ್ಲ ಅಕ್ಕಾ. ಡೇಟಾ ಹರಡಿ, ಗ್ರಾಫ್ ಹಾಕಿ, ಇದು ಸರಿಯಾ ಅದು ಸರಿಯಾ ಅಂತ ಕೆದಕುವಾಗ ಎಸ್‌ಬ್ಯಾಚ್ ಹಾಕಿ ಕಾಯಲು ಆಗುತ್ತದಾ?

ನೀರ್ಚಾಲು ಅಕ್ಕ
ಅದಕ್ಕೆ ಜುಪಿಟರನ್ನೇ ಎಸ್‌ಬ್ಯಾಚ್ ಒಳಗೆ ಓಡಿಸಿ.

ಪೆರ್ಲದ ಪೋರ
ಅದು ಹೇಗೆ?

ನೀರ್ಚಾಲು ಅಕ್ಕ
ಸ್ಕ್ರಿಪ್ಟ್‌ನಲ್ಲಿ ಜುಪಿಟರ್ ಲ್ಯಾಬ್, ನೋ ಬ್ರೌಸರ್ ಅಂತ ಬರೆದು ಜಾಬ್ ಹಾಕಿ. ಶುರುವಾದ ಮೇಲೆ ಜಾಬ್‌ನ ಲಾಗ್ ಫೈಲ್ ನೋಡಿ. ಪೋರ್ಟ್ ನಂಬರ್, ಉದ್ದದ ಟೋಕನ್ ಎರಡೂ ಅದರಲ್ಲಿರುತ್ತವೆ. ಆಮೇಲೆ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್‌ಗೆ ಹೈಫನ್ ಕ್ಯಾಪಿಟಲ್ ಎಲ್, 8888 ಕೋಲನ್ ಲೋಕಲ್‌ಹೋಸ್ಟ್ ಕೋಲನ್ 8888, ಕೊನೆಗೆ ಸಿಎನ್012. ಜಂಪ್ ಕಾನ್ಫಿಗ್‌ನಲ್ಲಿ ಇರುವುದರಿಂದ ಮತ್ತೆ ಹೇಳಬೇಕಾಗಿಲ್ಲ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 8888 ತೆರೆಯಿರಿ. ನೆಟ್ ಹೋದರೆ ಸುರಂಗ ಮಾತ್ರ ಕುಸಿಯುತ್ತದೆ, ಜುಪಿಟರ್ ಅಲ್ಲೇ ಇರುತ್ತದೆ. ನೆಟ್ ಬಂದ ಮೇಲೆ ಅದೇ ಸಾಲು ಹೊಡೆಯಿರಿ.

ಚಂದ್ರಗಿರಿ ದಡ
8888 ಅಂತ ಕಣ್ಣು ಮುಚ್ಚಿ ಹೊಡೆಯಬೇಡಿ. ಒಂದೇ ನೋಡ್ ಇಬ್ಬರಿಗೆ ಹಂಚಿಕೆ ಆಗಿದ್ದು, ಇನ್ನೊಬ್ಬರು ಆಗಲೇ 8888 ಹಿಡಿದಿದ್ದರೆ ನಿಮ್ಮ ಜುಪಿಟರ್ ಸದ್ದಿಲ್ಲದೆ 8889ಕ್ಕೆ ಹೋಗುತ್ತದೆ. ನೀವು 8888ಕ್ಕೆ ಸುರಂಗ ಕೊರೆದರೆ ಪರರ ಬಾಗಿಲು ಸಿಗುತ್ತದೆ. ನಮ್ಮ ಗೆಳತಿಯೊಬ್ಬಳು ಇಡೀ ಮಧ್ಯಾಹ್ನ ಟೋಕನ್ ತಪ್ಪು, ಟೋಕನ್ ತಪ್ಪು ಅಂತ ಜುಪಿಟರನ್ನು ಬೈದಳು. ಟೋಕನ್ ಸರಿ ಇತ್ತು, ಮನೆ ಬೇರೆಯವರದ್ದು. ಲಾಗ್‌ನಲ್ಲಿ ಬಂದ ನಂಬರ್ ನೋಡಿಯೇ ಹೊಡೆಯಿರಿ.

ಮಂಜೇಶ್ವರದ ಅಡ್ಮಿನ್
ಅದೇ ಕಾರಣಕ್ಕೆ ಟೋಕನ್ ತೆಗೆದು ಹಾಕಬೇಡಿ. ಕೆಲವರು ಕಿರಿಕಿರಿ ಅಂತ ಖಾಲಿ ಬಿಡುತ್ತಾರೆ. ಆಗ ಆ ನೋಡ್‌ನಲ್ಲಿರುವ ಯಾರು ಬೇಕಾದರೂ ನಿಮ್ಮ ನೋಟ್‌ಬುಕ್ ತೆರೆದು, ನಿಮ್ಮ ಹೆಸರಿನಲ್ಲಿ, ನಿಮ್ಮ ಫೈಲ್ ಅಳಿಸಬಹುದು.

ಮುಳ್ಳೇರಿಯ ಲೋಕಲ್
ವಿಎಸ್ ಕೋಡ್ ಎಡಿಟರ್ ಇರುವಾಗ ಇಷ್ಟೆಲ್ಲ ಯಾಕೆ? ರಿಮೋಟ್ ಎಸ್‌ಎಸ್‌ಎಚ್ ಒತ್ತಿದರೆ ಆಯ್ತು.

ಮಂಜೇಶ್ವರದ ಅಡ್ಮಿನ್
ಒತ್ತಿದರೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿದ್ದೀರಾ? ಲಾಗಿನ್ ನೋಡ್‌ಗೆ. ಅಲ್ಲಿ ತನ್ನ ಸರ್ವರ್ ಸ್ಥಾಪಿಸಿ, ನಿಮ್ಮ ಫೋಲ್ಡರ್‌ನ ಫೈಲ್ ಎಲ್ಲ ಕಾಯುತ್ತಾ ಕೂರುತ್ತದೆ. ಹೀಗೆ ಐವತ್ತು ಜನ ಕೂತರೆ ಎಲ್‌ಎಸ್ ಹೊಡೆದರೂ ಉತ್ತರ ಬರುವುದಿಲ್ಲ. ಹೋಮ್ ಫೋಲ್ಡರ್‌ನ ಕೋಟಾ ತಿನ್ನುವುದು ಬೇರೆ. ವಿಎಸ್ ಕೋಡ್ ಬೇಕಾದರೆ ಮೊದಲು ಜಾಬ್ ತಗೊಂಡು, ಅಕ್ಕ ಹೇಳಿದ ಕಾನ್ಫಿಗ್‌ನಿಂದ ಕಂಪ್ಯೂಟ್ ನೋಡ್‌ಗೇ ಕಳಿಸಿ. ನಿಮ್ಮ ಕ್ಲಸ್ಟರ್‌ನ ನಿಯಮ ಎಂತ ಅಂತಲೂ ಒಮ್ಮೆ ಓದಿ, ಕೆಲವು ಕಡೆ ಪೂರ್ತಿ ನಿಷೇಧ ಇದೆ.

ಪೆರ್ಲದ ಪೋರ
ಕಾನ್ಫಿಗ್ ಬರೆದೆ, ಕೀ ಹಾಕಿದೆ. ಆದರೂ ಪಾಸ್‌ವರ್ಡ್ ಕೇಳುತ್ತಿದೆ. ಹೈಫನ್ ವಿ ಕೊಟ್ಟು ವಿವರ ನೋಡಿದೆ. ಕೀ ತೋರಿಸುತ್ತದೆ, ಆ ಕಡೆಯವರು ಒಪ್ಪುವುದಿಲ್ಲ.

ಚಂದ್ರಗಿರಿ ದಡ
ಎಲ್‌ಎಸ್ ಹೈಫನ್ ಎಲ್‌ಡಿ ಹೊಡೆದು ನಿಮ್ಮ ಹೋಮ್ ಫೋಲ್ಡರ್‌ನ ಪರ್ಮಿಷನ್ ನೋಡಿ. ಲ್ಯಾಬ್‌ನವರೊಟ್ಟಿಗೆ ಫೈಲ್ ಹಂಚಿಕೊಳ್ಳಲು ಗ್ರೂಪ್‌ಗೆ ಬರೆಯುವ ಅನುಮತಿ ಕೊಟ್ಟಿದ್ದರೆ ಎಸ್‌ಎಸ್‌ಎಚ್ ಸರ್ವರ್ ಕೀ ಫೈಲನ್ನು ನಂಬುವುದೇ ಇಲ್ಲ. ಬೇರೆಯವರು ಅದನ್ನು ತಿದ್ದಿರಬಹುದಲ್ವಾ, ಅದಕ್ಕೆ. ಹೋಮ್‌ಗೆ 755 ಅಥವಾ 700, ಡಾಟ್ ಎಸ್‌ಎಸ್‌ಎಚ್‌ಗೆ 700, ಕೀ ಫೈಲ್‌ಗೆ 600.

ಪೆರ್ಲದ ಪೋರ
775 ಇತ್ತು! ಸರಿ ಮಾಡಿದೆ, ಒಳಗೆ ಹೋಯ್ತು. ಥ್ಯಾಂಕ್ಸ್. ಈಗ ಹೊಸ ವಿಷಯ. ನನ್ನ ಎರಡು ಜಾಬ್ ಒಂದೇ ನೋಡ್‌ನಲ್ಲಿ ಓಡುತ್ತಿವೆ. ಎಸ್‌ಎಸ್‌ಎಚ್ ಮಾಡಿದರೆ ಯಾವ ಜಾಬ್‌ಗೆ ಸೇರುತ್ತೇನೆ?

ಮಂಜೇಶ್ವರದ ಅಡ್ಮಿನ್
ಹೊರಗಿನಿಂದ ಬಂದವರಾದರೆ ಅದು ತಾನೇ ಒಂದನ್ನು ಆರಿಸುತ್ತದೆ, ನೀವು ಬಯಸಿದ್ದೇ ಆಗಬೇಕೆಂದಿಲ್ಲ. ಜಿಪಿಯು ಇದ್ದರೆ ಇದು ಮುಖ್ಯ, ಬೇರೆ ಜಾಬ್‌ನ ಜಿಪಿಯು ಕಾಣದೇ ಹೋಗಬಹುದು. ಎಸ್‌ಎಸ್‌ಎಚ್ ಬಿಟ್ಟು ಎಸ್‌ರನ್ ಬಳಸಿ. ಜಾಬ್‌ಐಡಿ ಕೊಟ್ಟು, ಓವರ್‌ಲ್ಯಾಪ್ ಆಯ್ಕೆ ಸೇರಿಸಿ, ಪಿಟಿವೈ ಬ್ಯಾಶ್. ಹೇಳಿದ ಜಾಬ್ ಒಳಗೇ ಇಳಿಸುತ್ತದೆ. ಸ್ಲರ್ಮ್‌ನ ವೇರಿಯಬಲ್‌ಗಳೂ ಸಿಗುತ್ತವೆ, ಎಸ್‌ಎಸ್‌ಎಚ್‌ನಲ್ಲಿ ಅವುಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಓವರ್‌ಲ್ಯಾಪ್ ಮರೆತರೆ ಸುಮ್ಮನೆ ನೇತಾಡುತ್ತದೆ, ಜಾಬ್‌ನ ಕೋರ್ ಎಲ್ಲ ಆಗಲೇ ಕೆಲಸದಲ್ಲಿರುತ್ತವಲ್ಲ. 20.11ರ ಆವೃತ್ತಿಯಿಂದ ಹೀಗೆ.

ಉಪ್ಪಳ ಎಕ್ಸ್‌ಪ್ರೆಸ್
1991ರಲ್ಲಿ ಪುಣೆಯ ಸಿ-ಡ್ಯಾಕ್‌ನವರು ಪರಮ್ 8000 ಸೂಪರ್ ಕಂಪ್ಯೂಟರ್ ಮಾಡಿದಾಗ ಅದರ ಎದುರು ಹೋಗಿ ಕೂರಬೇಕಿತ್ತು ಅಂತ ಕಾಣುತ್ತದೆ. ಈಗ ಬೆಂಗಳೂರಿನ ಐಐಎಸ್‌ಸಿಯಲ್ಲಿ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಕೂತಿದೆ, 2022ರಿಂದ. ಊರಲ್ಲಿ ಕೂತು ಅಂಥದ್ದನ್ನು ಓಡಿಸುತ್ತೇವೆ. ನಮ್ಮ ಮನೆಯ ಇನ್ವರ್ಟರ್ ಮಾತ್ರ 1991ರಲ್ಲೇ ಉಂಟು.

ಬದಿಯಡ್ಕ ಬಸ್
ಚೂರಿ ಅದ್ದಿ ನೋಡಿದೆ. ಕೆಂಪಾಯಿತು. ಸುಣ್ಣ ಹಳೆಯದ್ದು ಅಂತ ಕಾಣುತ್ತದೆ, ಗಾಳಿ ತಾಗಿ ಹೋಗಿದೆ.

ಕಾಞಂಗಾಡ್ ಕಂಪೈಲರ್
ತಡವಾಗಿ ಬಂದೆ. ನಂದು ವಿಂಡೋಸ್ ಲ್ಯಾಪ್‌ಟಾಪ್, ಪುಟ್ಟಿ ಇದೆ. ಈ ಜಂಪ್, ಕಾನ್ಫಿಗ್ ಎಲ್ಲ ಅದರಲ್ಲಿ ಎಲ್ಲಿ?

ಚಂದ್ರಗಿರಿ ದಡ
ಪುಟ್ಟಿ ಬಿಡಿ. 2018ರ ನಂತರದ ವಿಂಡೋಸ್ 10ರಲ್ಲಿ ಓಪನ್‌ಎಸ್‌ಎಸ್‌ಎಚ್ ಒಟ್ಟಿಗೇ ಬರುತ್ತದೆ. ಪವರ್‌ಶೆಲ್ ತೆರೆದು ಎಸ್‌ಎಸ್‌ಎಚ್ ಹೊಡೆಯಿರಿ. ಮೇಲೆ ಹೇಳಿದ್ದೆಲ್ಲ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ.

ಕಾಞಂಗಾಡ್ ಕಂಪೈಲರ್
ನೋಟ್‌ಪ್ಯಾಡ್‌ನಲ್ಲಿ ಕಾನ್ಫಿಗ್ ಬರೆದು ಸೇವ್ ಮಾಡಿದೆ. ಎಸ್‌ಎಸ್‌ಎಚ್‌ಗೆ ಅದು ಕಾಣುವುದೇ ಇಲ್ಲ, ಸಿಎನ್012 ಯಾರು ಅಂತ ಕೇಳುತ್ತದೆ.

ನೀರ್ಚಾಲು ಅಕ್ಕ
ನೋಟ್‌ಪ್ಯಾಡ್ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಸೇರಿಸಿರುತ್ತದೆ. ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಫೈಲ್ ಎಕ್ಸ್‌ಟೆನ್ಶನ್ ಕಾಣುವ ಹಾಗೆ ಮಾಡಿ, ಆ ಬಾಲ ಅಳಿಸಿ.

ಕಾಞಂಗಾಡ್ ಕಂಪೈಲರ್
ಹೌದು, ಅದೇ. ಈಗ ಜಾಬ್ ಹಾಕಿದೆ, ಪಿಡಿ (ಸರದಿಗೆ ಕಾಯುತ್ತಿದೆ) ಅಂತ ತೋರಿಸುತ್ತಾ ಕೂತಿದೆ. ಎರಡು ದಿನಕ್ಕೆ ಕೇಳಿದ್ದೆ.

ಮಂಜೇಶ್ವರದ ಅಡ್ಮಿನ್
ಪರೀಕ್ಷೆಗೆ ಎರಡು ದಿನ ಯಾಕೆ? ಒಂದು ಗಂಟೆ ಕೇಳಿ. ದೊಡ್ಡ ಜಾಬ್‌ಗಳ ನಡುವಿನ ಸಂದಿಯಲ್ಲಿ ಸಣ್ಣದನ್ನು ತೂರಿಸುವುದು ಸ್ಲರ್ಮ್‌ಗೆ ಸುಲಭ. ಎಸ್‌ಕ್ಯೂಗೆ ಸ್ಟಾರ್ಟ್ ಆಯ್ಕೆ ಕೊಟ್ಟರೆ ಯಾವಾಗ ಶುರುವಾಗಬಹುದು ಅಂತ ಅಂದಾಜು ಹೇಳುತ್ತದೆ. ಅದನ್ನು ನಂಬಿ ಸ್ನಾನಕ್ಕೆ ಹೋಗಬೇಡಿ, ಬೇರೆಯವರ ಜಾಬ್ ಬೇಗ ಮುಗಿದರೆ ಮೊದಲೇ ಸಿಗುತ್ತದೆ, ನಿಮ್ಮ ಒಂದು ಗಂಟೆ ಅಲ್ಲಿಂದಲೇ ಓಡುತ್ತದೆ.